‘ಕೇರ್ ಆರ್ಡರ್’ ರದ್ದಾಗುವುದೋ, ತೆರವಾಗುವುದೋ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ತಂದೆತಾಯಂದಿರಿಗಾಗಿ ಅಲ್ಲಿನ ಮಕ್ಕಳ ಕಾನೂನನ್ನು ವಿವರಿಸುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳ ಬಳಿ ಕೆಲಸ ನಿಂತಿದೆ. ಒಂದು ‘ಕೇರ್ ಆರ್ಡರ್’, ಅಂದರೆ ಮಗುವಿನ ಹೊಣೆಯನ್ನು ಸ್ಥಳೀಯ ಆಡಳಿತಕ್ಕೂ ಕೊಡುವ ಕೋರ್ಟಿನ ಆದೇಶ. ಇನ್ನೊಂದು ಅದರ ‘ಡಿಸ್ಚಾರ್ಜ್’, ಅಂದರೆ ಆ ಆದೇಶವನ್ನು ಕೋರ್ಟು ಕೊನೆಗೊಳಿಸುವುದು.

ಮೊದಲನೆಯದಕ್ಕೆ ‘ಪಾಲನಾ ಆದೇಶ’ ಎಂದು ಬರೆದೆ. ಆದರೆ ನಮ್ಮ ಕಚೇರಿ ಕನ್ನಡದಲ್ಲಿ ‘ಆದೇಶ ಪಾಲನೆ’ ಎಂದರೆ ಹೇಳಿದ್ದನ್ನು ಚಾಚೂತಪ್ಪದೆ ಮಾಡುವುದು. ‘ಪಾಲನಾ ಆದೇಶದ ಪಾಲನೆ’ ಎಂಬ ಸಾಲು ಬಂದಾಗ ಪೆನ್ನು ಕೆಳಗಿಟ್ಟೆ. ‘ಆರೈಕೆ’ ಎಂದರೆ ರೋಗಿ, ಬಾಣಂತಿ ಕಣ್ಣಮುಂದೆ ಬರುತ್ತಾರೆ. ‘ವಶ’ ಬೇಡವೇ ಬೇಡ, ಪೊಲೀಸರು ಆರೋಪಿಯನ್ನು ವಶಕ್ಕೆ ಪಡೆಯುವ ಸುದ್ದಿಯ ಪದ ಅದು. ‘ಸುಪರ್ದಿ’ ವಿಚ್ಛೇದನದ ಜಗಳವನ್ನು ನೆನಪಿಸುತ್ತದೆ.

1989ರ ಚಿಲ್ಡ್ರನ್ ಆಕ್ಟ್ ಪ್ರಕಾರ ಈ ಆದೇಶ ಬಂದಾಗ ಸ್ಥಳೀಯ ಆಡಳಿತಕ್ಕೆ ಮಗುವಿನ ಮೇಲೆ ತಂದೆತಾಯಿಗೆ ಇರುವಂಥ ಹೊಣೆ ಸಿಗುತ್ತದೆ. ಹೆತ್ತವರ ಹೊಣೆ ಹೋಗುವುದಿಲ್ಲ, ಅದನ್ನು ಎಷ್ಟರ ಮಟ್ಟಿಗೆ ಚಲಾಯಿಸಬಹುದೆಂದು ಆಡಳಿತ ಮಿತಿ ಹಾಕಬಹುದು. ಮಗು ಮನೆಯಲ್ಲೇ ಇರುವಾಗಲೂ ಈ ಆದೇಶ ಇರಬಹುದು, ಆದರೆ ಅದಕ್ಕೆ ಅಸಾಧಾರಣ ಕಾರಣ ಬೇಕೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಹೇಳಿದೆ. ಹಾಗಾಗಿ ‘ಮಗುವನ್ನು ಕರೆದೊಯ್ಯುವ ಆದೇಶ’ ಎಂದು ಬಿಡಿಸಿ ಹೇಳಿದರೂ ತಪ್ಪಾಗುತ್ತದೆ. ಸದ್ಯ ‘ಪಾಲನಾಹೊಣೆ ಆದೇಶ’ ಎಂದಿಟ್ಟುಕೊಂಡಿದ್ದೇನೆ. ಸ್ವಲ್ಪ ಭಾರ ಅನ್ನಿಸುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ.

ನನ್ನ ನಿಜವಾದ ಸಂಕಟ ಎರಡನೆಯ ಪದದ್ದು. ಕರಡಿನಲ್ಲಿ ‘ಆದೇಶ ರದ್ದು’ ಎಂದಿತ್ತು. ಕಾನೂನಿನ ಗಂಧವಿಲ್ಲದ ನನ್ನ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ತಕ್ಷಣ ಕೇಳಿದಳು: “ಹಾಗಾದ್ರೆ ಮೊದಲು ಕೋರ್ಟು ಮಾಡಿದ್ದು ತಪ್ಪು ಅಂತಾಯ್ತಲ್ಲ?”

ಅಲ್ಲ. ಮೊದಲ ಆದೇಶ ತಪ್ಪು ಎನ್ನುವವರು ಮೇಲ್ಮನವಿ ಹಾಕಬೇಕು. ಅದೇ ಚಿಲ್ಡ್ರನ್ ಆಕ್ಟಿನ 39ನೇ ಸೆಕ್ಷನ್ನಿನ ಡಿಸ್ಚಾರ್ಜ್ ಹಿಂದಿನದನ್ನು ಅಳಿಸುವುದಿಲ್ಲ. ಅಂದು ಆದೇಶ ಬೇಕಿತ್ತು, ಇಂದು ಬೇಕೇ ಎಂದಷ್ಟೇ ಕೇಳುತ್ತದೆ. ಆ ಕೇಳಿಕೆಯ ನಡುವೆ ಇರುವುದು ಮಗುವಿನ ಹಿತ. ತಾಯಿ ಕುಡಿತ ಬಿಟ್ಟಿರುವುದು, ಮನೆ ಸರಿಮಾಡಿಕೊಂಡಿರುವುದು ಖಂಡಿತ ಲೆಕ್ಕಕ್ಕೆ ಬರುತ್ತದೆ. ಆದರೆ ಅದು ಅವಳಿಗೆ ಕೊಡುವ ಬಹುಮಾನವಲ್ಲ. ಮಗು ಈಗ ಯಾರಿಗೆ ಅಂಟಿಕೊಂಡಿದೆ, ಅದರ ಇಷ್ಟವೇನು, ಹಳೆಯ ಅಪಾಯ ಉಳಿದಿದೆಯೇ, ಮತ್ತೆ ಜಾಗ ಬದಲಾದರೆ ಏನಾದೀತು, ಇವೆಲ್ಲವನ್ನೂ ತೂಗುತ್ತಾರೆ. ಆದೇಶ ಕೊನೆಗೊಂಡರೆ ಮಗುವಿಗೆ ಒಳಿತು ಎಂದು ತೋರಿಸುವ ಭಾರ ಅರ್ಜಿದಾರರದು. ಹೊಣೆಯುಳ್ಳ ತಂದೆತಾಯಿ, ಸ್ಥಳೀಯ ಆಡಳಿತ, ಸ್ವತಃ ಮಗು ಕೂಡ ಅರ್ಜಿ ಹಾಕಬಹುದು. ಮಗುವಿಗೂ ಈ ಹಕ್ಕಿದೆ ಎಂಬುದನ್ನು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಬೇಕೆಂದಿದ್ದೇನೆ.

ಇಷ್ಟನ್ನೂ ‘ರದ್ದು’ ಹೊರಲಾರದು. ‘ಬಿಡುಗಡೆ’ ಎಂದರೆ ಮಗು ಸೆರೆಯಲ್ಲಿತ್ತು ಎಂದಾಗುತ್ತದೆ. ‘ತಡೆಯಾಜ್ಞೆ ತೆರವು’ ಎಂದು ಪತ್ರಿಕೆಗಳಲ್ಲಿ ಓದಿ ನಮಗೆ ರೂಢಿಯಿದೆ, ಅಲ್ಲಿ ತಪ್ಪೊಪ್ಪಿನ ತೀರ್ಪು ಅಷ್ಟಾಗಿ ಕೇಳಿಸುವುದಿಲ್ಲ. ಆದ್ದರಿಂದ ‘ಆದೇಶ ತೆರವು’ ನನ್ನ ಆಯ್ಕೆ. ಆದರೂ ಒತ್ತುವರಿ ತೆರವು, ಅಂಗಡಿ ತೆರವು ಎನ್ನುವ ಒರಟು ಬಳಕೆ ಅದರ ಬೆನ್ನಿಗೇ ಇದೆ.

ಇದಕ್ಕೆ ಅಂಟಿದ ಇನ್ನೊಂದು ತೊಡಕು. ಅರ್ಜಿ ಬಿದ್ದುಹೋದಾಗ ‘ನ್ಯಾಯಾಲಯ ಆದೇಶವನ್ನು ಮುಂದುವರಿಸಿತು’ ಎಂದು ಬರೆದರೆ, ನ್ಯಾಯಾಂಗ ಬಂಧನವನ್ನು ಇಷ್ಟು ದಿನ ಮುಂದುವರಿಸಿದಂತೆ ಕೇಳಿಸುತ್ತದೆ. ಇಲ್ಲಿ ಯಾರೂ ಅವಧಿ ವಿಸ್ತರಿಸುವುದಿಲ್ಲ. ನಡುವೆ ಕೊನೆಗೊಳ್ಳದಿದ್ದರೆ ಆದೇಶ ಮಗುವಿಗೆ 18 ತುಂಬುವವರೆಗೆ ತಾನಾಗಿಯೇ ಇರುತ್ತದೆ. ‘ತೆರವಿಗೆ ಒಪ್ಪಲಿಲ್ಲ, ಆದೇಶ ಹಾಗೆಯೇ ಉಳಿಯಿತು’ ಎಂದು ಬರೆದಿದ್ದೇನೆ. ಅದೇ ಮಾತಿನ ಜೊತೆಗೆ, ಸಾಮಾನ್ಯವಾಗಿ ಆರು ತಿಂಗಳೊಳಗೆ ಮತ್ತೆ ಅರ್ಜಿ ಹಾಕಲು ಕೋರ್ಟಿನ ಅನುಮತಿ ಬೇಕೆಂದೂ ಸೇರಿಸಿದ್ದೇನೆ, ಬಾಗಿಲು ಪೂರ್ತಿ ಮುಚ್ಚಿತು ಎಂದು ಯಾರೂ ತಿಳಿಯಬಾರದು.

ವಕೀಲಿಕೆ ಮಾಡುವವರು, ಮಕ್ಕಳ ಕಲ್ಯಾಣ ಸಮಿತಿಗಳ ಜೊತೆ ಕೆಲಸ ಮಾಡಿದವರು ಇಲ್ಲಿ ಇದ್ದೀರಿ. ಹಿಂದಿನದನ್ನು ತಪ್ಪೆನ್ನದೆ ‘ಇನ್ನು ಬೇಕಿಲ್ಲ’ ಎಂದಷ್ಟೇ ಹೇಳುವ ಪದ ‘ತೆರವು’ ಬಿಟ್ಟು ಬೇರೆ ಯಾವುದಾದರೂ ನಿಮ್ಮ ಬಳಕೆಯಲ್ಲಿದೆಯೇ? ‘ಪಾಲನಾಹೊಣೆ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?