ಜೀವಕೋಶದಿಂದ ಅಂಗವ್ಯೂಹದವರೆಗೆ: ಮಗಳಿಗೆ ಹೇಗೆ ಹೇಳಿಕೊಡಲಿ?

ಗದಗದಿಂದ ಒಬ್ಬ ತಂದೆ: ಒಂಬತ್ತನೆಯ ತರಗತಿಯ ನನ್ನ ಮಗಳು ಮೈಟೊಕಾಂಡ್ರಿಯ, ರೈಬೋಸೋಮ್, ಗಾಲ್ಗಿ ಸಂಕೀರ್ಣ ಎಂದು ಜೀವಕೋಶದೊಳಗಿನ ಭಾಗಗಳ ಹೆಸರುಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ಆದರೆ ತಾನು ತಿಂದ ರೊಟ್ಟಿಗೂ ಆ ಮೈಟೊಕಾಂಡ್ರಿಯಕ್ಕೂ ಏನು ಸಂಬಂಧವೆಂದು ಕೇಳಿದರೆ ಸುಮ್ಮನಾಗುತ್ತಾಳೆ. ಕಲಿಸಿ ಅನುಭವವಿದ್ದವರು ದಾರಿ ತೋರಿಸಬೇಕಾಗಿ ವಿನಂತಿ.

ಧಾರವಾಡದಿಂದ ನಿವೃತ್ತ ವಿಜ್ಞಾನ ಶಿಕ್ಷಕಿ: ಶಾಲೆಯ ಸೂಕ್ಷ್ಮದರ್ಶಕವನ್ನು ಒಂದು ಗಂಟೆ ಕೇಳಿ ಪಡೆಯಿರಿ. ಕೆಂಪು ಉಳ್ಳಾಗಡ್ಡಿಯ ಎಸಳಿನ ಹೊರಮೈಯಿಂದ ಬಣ್ಣವಿರುವ ತೆಳುಪೊರೆಯನ್ನು ಸುಲಿದು, ಗಾಜಿನ ಮೇಲೆ ನೀರಿನ ಹನಿಯಲ್ಲಿ ಹರಡಿ, ಮೇಲೆ ಮುಚ್ಚುವ ತೆಳು ಗಾಜನ್ನು (ಕವರ್‌ಸ್ಲಿಪ್) ಓರೆಯಾಗಿ ಇಳಿಸಬೇಕು. ನಾನು ಮೊದಲ ವರ್ಷ ಅದನ್ನು ನೇರವಾಗಿ ಬೀಳಿಸಿದ್ದರಿಂದ, ಇಡೀ ತರಗತಿ ಗಾಳಿಗುಳ್ಳೆಗಳನ್ನೇ ಕೋಶಕೇಂದ್ರವೆಂದು ಬರೆಯಿತು; ನಾನೂ ಅಂಕ ಕೊಟ್ಟಿದ್ದೆ! ನಂತರ ಅಂಚಿನಿಂದ ಉಪ್ಪುನೀರು ಬಿಟ್ಟರೆ, ಕೋಶದೊಳಗಿನ ನೀರು ಹೊರಹೋಗಿ, ಪೊರೆಯೊಳಗಿನ ಕೆಂಪು ಭಾಗ ಕುಗ್ಗಿ ಗೋಡೆಯಿಂದ ದೂರ ಸರಿಯುತ್ತದೆ. ಕೋಶಭಿತ್ತಿ ಬೇರೆ, ಕೋಶಪೊರೆ ಬೇರೆ ಎಂಬುದು ಪುಸ್ತಕದ ಜೋಡಿಗೆರೆಗಳಿಂದ ಅರ್ಥವಾಗದ ಮಕ್ಕಳಿಗೂ ಇಲ್ಲಿ ಅರ್ಥವಾಗುತ್ತದೆ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ತುಣುಕಿನಲ್ಲಿ ವರ್ಣಿಸಿದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನು ಎಂಬುದನ್ನು ಆಗಲೇ ಹೇಳಿಬಿಡಿ.

ಬ್ಯಾಡಗಿಯಿಂದ ಒಬ್ಬ ರೈತ: ಅಂಗಾಂಶವನ್ನು, ಅಂದರೆ ಒಂದೇ ಕೆಲಸಕ್ಕೆ ಕೂಡಿದ ಕೋಶಗಳ ಗುಂಪನ್ನು, ತೋರಿಸಲು ನಮ್ಮ ಮೆಣಸಿನಕಾಯಿ ಸಾಕು. ಕಾಯಿ ಹಣ್ಣಾಗುವಾಗ ಸಿಪ್ಪೆಯ ಕೋಶಗಳಲ್ಲಿರುವ ಹಸಿರು ಬಣ್ಣದ ಕಣಗಳು (ಕ್ಲೋರೋಪ್ಲಾಸ್ಟ್) ಕೆಂಪು ಬಣ್ಣದ ಕಣಗಳಾಗುತ್ತವೆ (ಕ್ರೋಮೋಪ್ಲಾಸ್ಟ್). ಖಾರ ಮಾತ್ರ ತಯಾರಾಗುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಒಂದೇ ಕಾಯಿಯಲ್ಲಿ ಬಣ್ಣಕ್ಕೊಂದು ಜಾಗ, ಖಾರಕ್ಕೊಂದು ಜಾಗ. ಖಾರವಿರುವುದು ಬೀಜದಲ್ಲೇ ಎಂದು ನನ್ನ ಮಗ ಇನ್ನೂ ವಾದಿಸುತ್ತಾನೆ.

ಹುಬ್ಬಳ್ಳಿಯಿಂದ ರಕ್ತಪರೀಕ್ಷಾ ತಂತ್ರಜ್ಞೆ: ಕೋಶದಿಂದಲೇ ಆರಂಭಿಸಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ಮಗಳು ರೊಟ್ಟಿಯ ಒಂದು ತುಣುಕನ್ನು ಪಲ್ಲೆಯಿಲ್ಲದೆ ಎರಡು ನಿಮಿಷ ಅಗಿಯಲಿ. ಜೊಲ್ಲಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿಸುವುದರಿಂದ ಸ್ವಲ್ಪ ಸಿಹಿಯೆನಿಸುತ್ತದೆ. ಅಲ್ಲಿಂದ ಅದೇ ತುತ್ತನ್ನು ಬೆನ್ನಟ್ಟಬೇಕು: ಮಾಲ್ಟೋಸ್ ಒಡೆದು ಬರುವ ಗ್ಲೂಕೋಸ್ ಸಣ್ಣ ಕರುಳಿನ ವಿಲ್ಲೈಗಳ (ಬೆರಳಿನಂತಹ ಚಿಕ್ಕ ಚಾಚುಗಳ) ಒಂದೇ ಪದರ ಕೋಶಗಳನ್ನು ದಾಟಿ ರಕ್ತ ಸೇರುತ್ತದೆ, ಶ್ವಾಸಕೋಶದ ಗಾಳಿಚೀಲಗಳಿಂದ ಆಮ್ಲಜನಕವೂ ಅದೇ ರಕ್ತಕ್ಕೆ ಬರುತ್ತದೆ, ಹೃದಯ ಎರಡನ್ನೂ ಕಾಲಿನ ಸ್ನಾಯುವಿಗೆ ತಳ್ಳುತ್ತದೆ, ಅಲ್ಲಿನ ಮೈಟೊಕಾಂಡ್ರಿಯದಲ್ಲಿ ಶಕ್ತಿ ಬಿಡುಗಡೆಯಾಗುತ್ತದೆ. ಉಳಿದ ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಹೊರಬೀಳುತ್ತದೆ. ನಾನು ದಿನವೂ ನೋಡುವ ಕೆಂಪು ರಕ್ತಕಣಗಳಿಗೆ ಮಾತ್ರ ಮೈಟೊಕಾಂಡ್ರಿಯವೂ ಇಲ್ಲ, ಕೋಶಕೇಂದ್ರವೂ ಇಲ್ಲ. ಅವು ಹೊತ್ತೊಯ್ಯುವ ಆಮ್ಲಜನಕವನ್ನು ತಾವು ಬಳಸುವುದಿಲ್ಲ.

ಗದಗದ ತಂದೆ: ನಿನ್ನೆ ರಾತ್ರಿ ರೊಟ್ಟಿ ಅಗಿಸಿ, ತುತ್ತನ್ನು ಸ್ನಾಯುವಿನವರೆಗೆ ತಲುಪಿಸಿದೆವು. ಕೋಶಕೇಂದ್ರವಿಲ್ಲದ ರಕ್ತಕಣ ಇನ್ನೊಂದನ್ನು ಹೇಗೆ ಹುಟ್ಟಿಸುತ್ತದೆ ಎಂದು ಅವಳೇ ಕೇಳಿದಳು. ನನಗೆ ಉತ್ತರ ತಿಳಿಯಲಿಲ್ಲ.

ಹುಬ್ಬಳ್ಳಿಯ ತಂತ್ರಜ್ಞೆ: ಅದು ಹುಟ್ಟಿಸುವುದೇ ಇಲ್ಲ. ಅಸ್ಥಿಮಜ್ಜೆಯಲ್ಲಿ ಕೋಶಕೇಂದ್ರವಿರುವ ಕೋಶಗಳು ವಿಭಜಿಸಿ, ಬೆಳೆದು, ರಕ್ತಕ್ಕೆ ಇಳಿಯುವ ಮೊದಲು ಕೋಶಕೇಂದ್ರವನ್ನು ಹೊರದೂಡುತ್ತವೆ. ನಂತರ ಸುಮಾರು 120 ದಿನ ಸುತ್ತುತ್ತವೆ.