5.0 ಎಫ್-150ಗೆ ಸೂಪರ್‌ಚಾರ್ಜರ್: ಡೆನ್ವರ್ ಎತ್ತರದಲ್ಲಿ ಟ್ರೇಲರ್ ಎಳೆಯೋದಕ್ಕೆ ಯಾವ ಕಿಟ್ ಸರಿ?

ಹಾಸನದ ಹೈದ (ಸೆಂಟೆನಿಯಲ್, ಕೊಲೊರಾಡೊ)

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಫೋರ್ಡ್ ಎಫ್-150. 5.0 ವಿ8, ಹತ್ತು ಗೇರ್ ಆಟೊಮ್ಯಾಟಿಕ್, ಫೋರ್ ವೀಲ್ ಡ್ರೈವ್. ಹಿಂದಿನ ಆಕ್ಸಲ್ 3.55. ಫ್ಯಾಕ್ಟರಿ ವಾರಂಟಿ ಮುಗಿದಿದೆ. ಹೋದ ವರ್ಷ ಒಂದು ಟ್ರಾವೆಲ್ ಟ್ರೇಲರ್ ತಗೊಂಡೆವು. ನೀರು, ಸಾಮಾನು ತುಂಬಿದರೆ 6,000 ಪೌಂಡ್ ಹತ್ತಿರ ಬರುತ್ತದೆ.

ಊರೊಳಗೆ ಏನೂ ತೊಂದರೆ ಇಲ್ಲ. ಐ-70ರಲ್ಲಿ ಐಸೆನ್‌ಹೋವರ್ ಸುರಂಗದ ಕಡೆ ಹತ್ತುವಾಗ ಮಾತ್ರ ಗಾಡಿ ಸುಸ್ತಾಗುತ್ತದೆ. ಎಂಜಿನ್ 5,000 ಆರ್‌ಪಿಎಂನಲ್ಲಿ ಕೂಗುತ್ತಲೇ ಇರುತ್ತದೆ, ವೇಗ ಇಳಿಯುತ್ತಲೇ ಹೋಗುತ್ತದೆ. ಹಿಂದೆ ಮಕ್ಕಳು ಕೂತಿರುತ್ತಾರೆ. ಪಕ್ಕದಲ್ಲಿ ದೊಡ್ಡ ಟ್ರಕ್ಕುಗಳು ಹೋಗುತ್ತಿರುತ್ತವೆ. ನನಗೆ ಅದು ಇಷ್ಟವಾಗುತ್ತಿಲ್ಲ.

ಅದಕ್ಕೇ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ, ಬೆಲ್ಟಿನಿಂದ ಓಡುವ ಪಂಪು) ಹಾಕಬೇಕು ಅಂತಿದ್ದೇನೆ. ಇಲ್ಲೇ ಹತ್ತಿರದ ಒಂದು ಶಾಪ್‌ನಲ್ಲಿ ಸೆಂಟ್ರಿಫ್ಯೂಗಲ್ ಕಿಟ್ ಹಾಕಿಸಿ ಅಂತಾರೆ. ಕಡಿಮೆ ಖರ್ಚು, ಎಂಜಿನ್ ಜಾಸ್ತಿ ಬಿಚ್ಚಬೇಕಾಗಿಲ್ಲ ಅಂತ. ಇನ್ನೊಬ್ಬರು ಟ್ವಿನ್ ಸ್ಕ್ರೂ ಅಂತಾರೆ. ನಮ್ಮಲ್ಲಿ ಸಿಗೋದು 91 ಆಕ್ಟೇನ್ ಪೆಟ್ರೋಲ್, 93 ಸಿಗೋದಿಲ್ಲ. ನನಗೆ ರೇಸ್ ಬೇಡ, ಗುಡ್ಡ ಹತ್ತಿದರೆ ಸಾಕು. ಗ್ಯಾರೇಜ್ ಇದೆ, ಬ್ರೇಕು, ವಾಟರ್ ಪಂಪು ನಾನೇ ಬದಲಿಸಿದ್ದೇನೆ. ಇದನ್ನೂ ಮನೆಯಲ್ಲೇ ಹಾಕಬಹುದಾ?

ಹೂಸ್ಟನ್ ಹೆಗ್ಡೆ

ಸೂಪರ್‌ಚಾರ್ಜರ್ ಕಿಟ್ಟಿಗೆ 8ರಿಂದ 10 ಸಾವಿರ ಡಾಲರ್ ಆಗುತ್ತದೆ. ಶಾಪ್‌ನಲ್ಲಿ ಹಾಕಿಸಿದರೆ ಕೂಲಿ ಬೇರೆ. ಅದೇ ದುಡ್ಡು ಸೇರಿಸಿ ಗಾಡಿ ಬದಲಿಸಿ, 3.5 ಎಕೋಬೂಸ್ಟ್ ತಗೊಳ್ಳಿ. ನಿಮ್ಮ ವರ್ಷದ್ದೇ ಆದರೂ 470 ಪೌಂಡ್-ಫೀಟ್ ಟಾರ್ಕ್, ಅದೂ 3,500 ಆರ್‌ಪಿಎಂನಲ್ಲಿ. ಎರಡು ಟರ್ಬೊ ಇದೆ, ಎತ್ತರದಲ್ಲಿ ಶಕ್ತಿ ಅಷ್ಟಾಗಿ ಬೀಳೋದಿಲ್ಲ. ಕಂಪನಿಯೇ ಮಾಡಿ ಕೊಟ್ಟಿದ್ದು, ಯೋಚನೆ ಇಲ್ಲ.

ಬಾನೆಟ್ ಭಟ್ಟ (ಕೊಲೊರಾಡೊ ಸ್ಪ್ರಿಂಗ್ಸ್)

ಹೆಗ್ಡೆಯವರು ಹೇಳಿದ್ದು ತಪ್ಪಲ್ಲ. ಟರ್ಬೊ ಗಾಳಿ ತೆಳುವಾದಾಗ ಇನ್ನೂ ಜೋರಾಗಿ ತಿರುಗಿ ಕೊರತೆ ತುಂಬಿಕೊಳ್ಳುತ್ತದೆ. ಬೆಲ್ಟಿನ ಮೇಲೆ ಓಡುವ ಸೂಪರ್‌ಚಾರ್ಜರಿಗೆ ಅದು ಆಗೋದಿಲ್ಲ, ಎಂಜಿನ್ ಎಷ್ಟು ತಿರುಗಿಸುತ್ತದೋ ಅಷ್ಟೇ. ಗಾಡಿ ಮಾರುವ ಮನಸ್ಸಿದ್ದರೆ ಮಾರಿ. ಆದರೆ ಚೆನ್ನಾಗಿರುವ 5.0 ಗಾಡಿ ಇಟ್ಟುಕೊಂಡು ಗುಡ್ಡಕ್ಕಷ್ಟೇ ಪರಿಹಾರ ಬೇಕು ಅನ್ನೋರಿಗೆ ಕಿಟ್ ಒಳ್ಳೆಯದೇ. ನನ್ನ ಹತ್ತಿರ ಇದೇ ಎಂಜಿನ್ ಇದೆ, 2018ರದ್ದು. ವಿಪಲ್ ಟ್ವಿನ್ ಸ್ಕ್ರೂ ಹಾಕಿಕೊಂಡು ಇದೇ ಘಾಟಿಯಲ್ಲಿ ಟ್ರೇಲರ್ ಎಳೆಯುತ್ತೇನೆ.

ಮೊದಲು ಲೆಕ್ಕ ನೋಡಿ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್ಐ (ಚದರ ಇಂಚಿಗೆ ಪೌಂಡ್). ಡೆನ್ವರಿನಲ್ಲಿ ಸುಮಾರು 12.2. ಸುರಂಗ ಇರುವ 11,000 ಅಡಿಯಲ್ಲಿ 9.7 ಅಷ್ಟೇ. ನಿಮ್ಮ ಎಂಜಿನ್ನಿಗೆ ಬರೆದಿರುವ 395 ಎಚ್‌ಪಿ ಸಮುದ್ರ ಮಟ್ಟದ ಮಾತು. ಸುರಂಗದ ಹತ್ತಿರ ಅದರಲ್ಲಿ ಮೂರನೇ ಒಂದು ಪಾಲು ಹೊರಟುಹೋಗಿರುತ್ತದೆ. ಗಾಡಿಯದ್ದೇನೂ ದೋಷವಿಲ್ಲ.

ಈಗ ಸಮುದ್ರ ಮಟ್ಟದಲ್ಲಿ 10 ಪಿಎಸ್ಐ ಬೂಸ್ಟ್ (ಹೊರಗಿನ ಗಾಳಿಯ ಒತ್ತಡದ ಮೇಲೆ ಸೇರುವ ಒತ್ತಡ) ಕೊಡುವ ಕಿಟ್ ತಗೊಳ್ಳಿ. ಅದು ಒಳಬರುವ ಗಾಳಿಯನ್ನು ಸುಮಾರು 1.68 ಪಟ್ಟು ಒತ್ತುತ್ತದೆ. ಡೆನ್ವರಿನಲ್ಲಿ ಗೇಜ್ 8ರ ಹತ್ತಿರ ತೋರಿಸುತ್ತದೆ. ಸುರಂಗದಲ್ಲಿ 9.7ನ್ನು 1.68ರಿಂದ ಗುಣಿಸಿ, 16.3 ಬರುತ್ತದೆ. ಗೇಜಿನಲ್ಲಿ ಏಳೂ ಇರೋದಿಲ್ಲ, ಆದರೂ ನಿಮ್ಮ ಎಂಜಿನ್ನಿಗೆ ಸಮುದ್ರ ದಂಡೆಯಲ್ಲಿ ಸಿಗುವುದಕ್ಕಿಂತ ಜಾಸ್ತಿ ಒತ್ತಡದ ಗಾಳಿ ಸಿಗುತ್ತದೆ. ಗಾಳಿ ಬಿಸಿಯಾಗೋದು, ಬೆಲ್ಟ್ ತಿರುಗಿಸೋದಕ್ಕೆ ಹೋಗುವ ಶಕ್ತಿ, ಇವನ್ನು ಕಳೆದರೂ ಗುಡ್ಡ ಕಿತ್ತುಕೊಂಡಿದ್ದು ವಾಪಸ್ ಬಂದಂತೆಯೇ. 700 ಎಚ್‌ಪಿ ಜಾಹೀರಾತು ನೋಡಿ ಕಿಟ್ ಆರಿಸಬೇಡಿ. ಅದು ತಗ್ಗಿನ ಊರಿನ, 93 ಆಕ್ಟೇನಿನ ಅಂಕಿ. ನಮಗೆ ಅದರ ಸಂಬಂಧ ಇಲ್ಲ.

ಇನ್ನು ಯಾವ ಬಗೆ ಅನ್ನೋದು. ಸೆಂಟ್ರಿಫ್ಯೂಗಲ್‌ನಲ್ಲಿ ಬೂಸ್ಟ್ ಆರ್‌ಪಿಎಂ ಜೊತೆ ಏರುತ್ತದೆ, ಪೂರ್ತಿ ಸಿಗೋದು ರೆಡ್‌ಲೈನ್ (ಎಂಜಿನ್ನಿನ ಗರಿಷ್ಠ ಆರ್‌ಪಿಎಂ) ಹತ್ತಿರ. 3,000 ಆರ್‌ಪಿಎಂನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮೇಲಿನ ಆರ್‌ಪಿಎಂನಲ್ಲೇ ಓಡಿಸುವವರಿಗೆ ಅದು ಒಳ್ಳೆಯದು, ಪ್ರೊಚಾರ್ಜರ್‌ನವರ ಕಿಟ್‌ಗಳನ್ನು ಜನ ಮೆಚ್ಚುತ್ತಾರೆ. ಆದರೆ ನಿಮ್ಮ ದೂರೇ ಎಂಜಿನ್ ಕೂಗುತ್ತದೆ ಅಂತ, ಅಲ್ವಾ? ನಿಮಗೆ ಬೇಕಿರೋದು 2,500ರಲ್ಲೇ ಟಾರ್ಕ್. ಅದಕ್ಕೆ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ) ಜಾಗದಲ್ಲೇ ಕೂರುವ ಟ್ವಿನ್ ಸ್ಕ್ರೂ ಇಲ್ಲವೇ ಈಟನ್ ಕಂಪನಿಯ ಟಿವಿಎಸ್ ಅನ್ನುವ ಬಗೆ ಬೇಕು. ವಿಪಲ್‌ನದು ಟ್ವಿನ್ ಸ್ಕ್ರೂ. ರೌಶ್ ಕಿಟ್‌ನಲ್ಲಿರೋದು ಟಿವಿಎಸ್. ಇವೆರಡರಲ್ಲಿ ಯಾವುದನ್ನು ತಗೊಂಡರೂ ನಿಮ್ಮ ಕೆಲಸ ಆಗುತ್ತದೆ. ನಾನು ಟ್ವಿನ್ ಸ್ಕ್ರೂ ತಗೊಂಡಿದ್ದು ಜಾಸ್ತಿ ಬೂಸ್ಟಿನಲ್ಲಿ ಗಾಳಿ ಕಡಿಮೆ ಬಿಸಿಯಾಗುತ್ತದೆ ಅಂತ. ವಾರಂಟಿ ಯಾರು ಕೊಡುತ್ತಾರೆ, ಯಾರು ಹಾಕಿದರೆ ಕೊಡುತ್ತಾರೆ ಅಂತ ಓದಿ. ಸರ್ಟಿಫೈಡ್ ಮೆಕ್ಯಾನಿಕ್ ಹಾಕಿದರೆ ಮಾತ್ರ ಅನ್ನುವ ಷರತ್ತು ಇರುತ್ತದೆ. ಮನೆಯಲ್ಲಿ ಹಾಕಿದರೆ ಅದು ಹೋಗುತ್ತದೆ.

91 ಆಕ್ಟೇನ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. 2018ರಿಂದ ಈಚಿನ 5.0ದ ಕಂಪ್ರೆಷನ್ 12:1. ಅದರ ಮೇಲೆ ಬೂಸ್ಟ್ ಕೊಡುತ್ತಿದ್ದೀರಿ. ಪೋರ್ಟ್ ಇಂಜೆಕ್ಷನ್, ಡೈರೆಕ್ಟ್ ಇಂಜೆಕ್ಷನ್ ಎರಡೂ ಇರುವುದರಿಂದ ಇದು ತಡೆಯುತ್ತದೆ, ಆದರೆ ಟ್ಯೂನ್ (ಎಂಜಿನ್ ಕಂಪ್ಯೂಟರಿಗೆ ಹಾಕುವ ಸೆಟ್ಟಿಂಗ್ ಫೈಲ್) 91ಕ್ಕೇ ಬರೆದದ್ದಾಗಿರಬೇಕು. ಆರ್ಡರ್ ಮಾಡುವಾಗಲೇ ಹೇಳಿ. ನಮ್ಮ ಬಂಕ್‌ಗಳಲ್ಲಿ 85 ಆಕ್ಟೇನ್ ಕೂಡ ಮಾರುತ್ತಾರೆ. ಮನೆಯಲ್ಲಿ ಬೇರೆ ಯಾರಾದರೂ ಗಾಡಿ ಓಡಿಸಿದರೆ ಪೆಟ್ರೋಲ್ ಮುಚ್ಚಳದ ಹತ್ತಿರ ದೊಡ್ಡದಾಗಿ 91 ಅಂತ ಬರೆದು ಅಂಟಿಸಿ. ಭಾರ ಎಳೆಯುವಾಗ ಒಂದು ಟ್ಯಾಂಕ್ 85 ಹಾಕಿದರೂ ಎಂಜಿನ್ ನಾಕ್ ಆಗಿ (ಪೆಟ್ರೋಲ್ ತಾನಾಗಿ ಸಿಡಿದು) ಪಿಸ್ಟನ್ ಹೋಗಬಹುದು.

ದುಡ್ಡು ಕಟ್ಟುವ ಮುಂಚೆ ಕಂಪ್ರೆಷನ್ ಟೆಸ್ಟ್, ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿನಿಂದ ಒತ್ತಡ ಸೋರುತ್ತಿದೆಯಾ ನೋಡುವುದು) ಮಾಡಿಸಿ. ಎಂಜಿನ್ ಆಯಿಲ್ ತಿನ್ನುತ್ತಿದ್ದರೆ ಕಿಟ್ ಬೇಡವೇ ಬೇಡ. ಒಳಗೆ ಹೋದ ಆಯಿಲ್ ಆಕ್ಟೇನ್ ಇಳಿಸುತ್ತದೆ. ಆಯಿಲ್ ಪಂಪ್ ಗೇರ್ ಒಡೆಯುತ್ತದೆ ಅಂತ ಜನ ಹೆದರಿಸುತ್ತಾರೆ. ಅದು ನಿಜವಾದ ದೌರ್ಬಲ್ಯವೇ, ಆದರೆ ಜಾಸ್ತಿ ಕಾಣಿಸೋದು ಲಿಮಿಟರ್‌ವರೆಗೆ ಎಳೆದು ರೇಸ್ ಮಾಡುವವರಲ್ಲಿ. ನಿಮ್ಮ ಓಡಾಟಕ್ಕೆ ಈಗಲೇ ಟೈಮಿಂಗ್ ಕವರ್ ಬಿಚ್ಚಬೇಡಿ. ಬೇರೆ ಕಾರಣಕ್ಕೆ ಬಿಚ್ಚಿದರೆ ಆಗ ಬದಲಿಸಿ.

ಮನೆಯಲ್ಲಿ ಹಾಕಬಹುದು. ವಾಟರ್ ಪಂಪ್ ಬದಲಿಸಿದವರಿಗೆ ಕೈ ಬರುತ್ತದೆ. ಆದರೆ ಕಿಟ್ ಬಂದ ದಿನ ಸ್ಪ್ಯಾನರ್ ಹಿಡಿಯಬೇಡಿ. ಮೊದಲು ಟ್ಯೂನರ್ ಅನ್ನುವ ಉಪಕರಣ ಸಿಕ್ಕಿಸಿ ಗಾಡಿಯ ಕಂಪ್ಯೂಟರಿನ ಹಳೆಯ ಫೈಲ್ ತೆಗೆದು ಟ್ಯೂನ್ ಬರೆಯುವವರಿಗೆ ಕಳಿಸಿ. ಹೊಸ ಫೈಲ್ ನಿಮ್ಮ ಕೈಗೆ ಬಂದ ಮೇಲೆ ಬಿಚ್ಚಿ. ಇಲ್ಲದಿದ್ದರೆ ಬಿಚ್ಚಿದ ಗಾಡಿ ಸುಮ್ನೆ ಗ್ಯಾರೇಜಿನಲ್ಲಿ ಕೂರುತ್ತದೆ.

ಪೆಟ್ರೋಲ್ ಲೈನಿನ ಒತ್ತಡ ಇಳಿಸಿ, ಬ್ಯಾಟರಿ ತೆಗೆದು, ಕೂಲೆಂಟ್ ಇಳಿಸಿ, ಆಮೇಲೆ ಮ್ಯಾನಿಫೋಲ್ಡ್ ಎತ್ತಿ. ಎತ್ತಿದ ತಕ್ಷಣ ಎಂಟೂ ಪೋರ್ಟ್‌ಗಳಿಗೆ ಟೇಪ್ ಹಾಕಿ ಮುಚ್ಚಿ. ಎಲ್ಲಕ್ಕಿಂತ ದೊಡ್ಡ ಅಪಾಯ ಇಲ್ಲೇ. ಒಂದು ಸಣ್ಣ ಬೋಲ್ಟ್ ಒಳಗೆ ಬಿದ್ದರೆ ಹೆಡ್ ಬಿಚ್ಚಬೇಕಾದೀತು. ಕೆಳಗೆ ನಾಕ್ ಸೆನ್ಸರ್‌ಗಳು ಕಾಣುತ್ತವೆ, ಅವುಗಳ ಕನೆಕ್ಟರ್ ಸರಿಯಾಗಿ ಕೂತಿದೆಯಾ ನೋಡಿ. ಮೇಲೆ ಸೂಪರ್‌ಚಾರ್ಜರ್ ಕೂತ ಮೇಲೆ ಕೈ ಹೋಗೋದಿಲ್ಲ. ಕ್ರ್ಯಾಂಕ್ ಪುಲ್ಲಿ ತೆಗೆಯಬೇಕಾದರೆ ಅದರ ಬೋಲ್ಟ್ ಹೊಸದೇ ಹಾಕಿ. ಒಮ್ಮೆ ಬಿಗಿದರೆ ಎಳೆದುಕೊಳ್ಳುವ ಜಾತಿಯ ಬೋಲ್ಟ್ ಅದು, ಮತ್ತೆ ಬಳಸುವಂತಿಲ್ಲ. ಕಿಟ್‌ನವರು ಹೇಳಿದ ಸ್ಪಾರ್ಕ್ ಪ್ಲಗ್ಗೇ ಹಾಕಿ, ಗ್ಯಾಪ್ ಕೂಡ ಅವರು ಹೇಳಿದಷ್ಟೇ ಇಡಿ. ಬೂಸ್ಟ್ ಇದ್ದಾಗ ಅಗಲ ಗ್ಯಾಪಿನಲ್ಲಿ ಕಿಡಿ ಆರಿಹೋಗುತ್ತದೆ.

ಸೂಪರ್‌ಚಾರ್ಜರ್ ಭಾರ ಇದೆ. ಎಂಜಿನ್ ಹಾಯ್ಸ್ಟ್ ಬಾಡಿಗೆಗೆ ತನ್ನಿ, ಜೊತೆಗೆ ಒಬ್ಬರು ಇರಲಿ. ಗ್ಯಾಸ್ಕೆಟ್ ಸರಿಯದಂತೆ ನೇರವಾಗಿ ಇಳಿಸಬೇಕು. ಬೋಲ್ಟ್‌ಗಳನ್ನು ಮಧ್ಯದಿಂದ ಹೊರಗೆ, ಟಾರ್ಕ್ ರೆಂಚಿನಲ್ಲಿ, ಪುಸ್ತಕದಲ್ಲಿರುವ ಕ್ರಮದಲ್ಲಿ ಬಿಗಿಯಿರಿ.

ಮಡಿಕೇರಿ ಮಂಜು (ಸ್ಯಾಕ್ರಮೆಂಟೊ)

ಒಂದು ಮಾತು ಸೇರಿಸುತ್ತೇನೆ. ತಗೊಳ್ಳುವ ಕಿಟ್ಟಿಗೆ ಕ್ಯಾಲಿಫೋರ್ನಿಯಾದ ಕಾರ್ಬ್ (ಅಲ್ಲಿನ ವಾಯು ಮಾಲಿನ್ಯ ಮಂಡಳಿ) ಕೊಡುವ ಇಒ ಅನುಮತಿ ನಂಬರ್ ಇದೆಯಾ ನೋಡಿ, ಅದು ನಿಮ್ಮ ಎಂಜಿನ್ನಿಗೆ, ನಿಮ್ಮ ವರ್ಷದ ಗಾಡಿಗೆ ಅನ್ವಯಿಸುತ್ತದಾ ಅಂತಲೂ ನೋಡಿ. ನನ್ನ ತಮ್ಮ ಇಲ್ಲಿ ಸ್ಮಾಗ್ ಚೆಕ್ (ಗಾಡಿಗಳ ಹೊಗೆ ತಪಾಸಣೆ) ಮಾಡುತ್ತಾನೆ. ಬಾನೆಟ್ ಎತ್ತಿದ ಕೂಡಲೇ ಅವನು ಹುಡುಕೋದು ಆ ಸ್ಟಿಕ್ಕರ್. ಇಲ್ಲದಿದ್ದರೆ ಹೊಗೆ ಎಷ್ಟೇ ಶುದ್ಧವಾಗಿದ್ದರೂ ಫೇಲ್. ಡೆನ್ವರ್ ಸುತ್ತಲಿನ ಕೌಂಟಿಗಳಲ್ಲೂ ಎಮಿಷನ್ ಟೆಸ್ಟ್ ಇದೆ. ಮುಂದೆ ಗಾಡಿ ಮಾರುವಾಗಲೂ ಆ ನಂಬರ್ ಕೆಲಸಕ್ಕೆ ಬರುತ್ತದೆ. ಇನ್ಶೂರೆನ್ಸ್‌ನವರಿಗೂ ಕಿಟ್ ಹಾಕಿದ್ದು ಬರಹದಲ್ಲಿ ತಿಳಿಸಿ. ಮುಚ್ಚಿಟ್ಟರೆ ಕ್ಲೇಮ್ ದಿನ ಕಷ್ಟ.

ಹಾಸನದ ಹೈದ

ಭಟ್ರೇ, ಮಂಜು ಅವರೇ, ತುಂಬಾ ಉಪಕಾರ. ಹೆಗ್ಡೆಯವರೇ, ಗಾಡಿ ಮೇಲಿನ ಸಾಲ ಈಗಷ್ಟೇ ತೀರಿದೆ, ಮಾರೋದಿಲ್ಲ. ಸೆಂಟ್ರಿಫ್ಯೂಗಲ್ ಬೇಡ ಅಂತ ತೀರ್ಮಾನ ಮಾಡಿದೆ. ಎರಡು ಅನುಮಾನ ಉಳಿದಿವೆ. ಇಂಟರ್‌ಕೂಲರ್ (ಒತ್ತಿದಾಗ ಬಿಸಿಯಾದ ಗಾಳಿಯನ್ನು ತಣಿಸುವ ಭಾಗ) ನೀರಿನ ಸರ್ಕ್ಯೂಟ್ ತುಂಬಿಸೋದು ಹೇಗೆ? ಮತ್ತೆ, ಕಿಟ್ ಹಾಕಿದ ಮೇಲೆ ಇನ್ನೂ ದೊಡ್ಡ ಟ್ರೇಲರ್ ಎಳೆಯಬಹುದಾ?

ಬಾನೆಟ್ ಭಟ್ಟ

ಎರಡನೆಯದಕ್ಕೆ ಮೊದಲು ಉತ್ತರ: ಇಲ್ಲ. ಎಳೆಯುವ ಮಿತಿ ಎಂಜಿನ್ ಒಂದರಿಂದ ಬರೋದಲ್ಲ. ಫ್ರೇಮು, ಬ್ರೇಕು, ಆಕ್ಸಲ್, ಗೇರ್‌ಬಾಕ್ಸ್ ಎಲ್ಲಾ ಹಳೆಯವೇ. ಬಾಗಿಲ ಕಂಬದಲ್ಲಿ ಹಳದಿ ಸ್ಟಿಕ್ಕರ್ ಇದೆಯಲ್ಲ, ಪೇಲೋಡ್ (ಗಾಡಿ ಹೊರಬಹುದಾದ ತೂಕ) ಅಂತ. ಸೂಪರ್‌ಚಾರ್ಜರ್, ಹೀಟ್ ಎಕ್ಸ್‌ಚೇಂಜರ್ (ಇಂಟರ್‌ಕೂಲರ್ ನೀರನ್ನು ತಣಿಸುವ ಸಣ್ಣ ರೇಡಿಯೇಟರ್), ಅದರ ನೀರು, ಎಲ್ಲದರ ತೂಕ ಆ ಲೆಕ್ಕದಿಂದಲೇ ಹೋಗುತ್ತದೆ. ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್ ಹಿಚ್ ಮೇಲೆ ಕೂರುತ್ತದೆ, ನಿಮ್ಮದಕ್ಕೆ 600ರಿಂದ 900 ಪೌಂಡ್. ಮಕ್ಕಳು, ಸಾಮಾನು ಸೇರಿಸಿ ಒಮ್ಮೆ ವೇ ಬ್ರಿಡ್ಜಿನಲ್ಲಿ ತೂಗಿ ನೋಡಿ. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿಯುವಾಗ ಸೂಪರ್‌ಚಾರ್ಜರ್ ಒಂದಿಷ್ಟೂ ಸಹಾಯ ಮಾಡೋದಿಲ್ಲ. ಅಲ್ಲಿ ಬ್ರೇಕ್ ಹೋದ ಟ್ರಕ್ಕುಗಳಿಗೆ ರ‍್ಯಾಂಪ್ ಕಟ್ಟಿರೋದು ಸುಮ್ನೆ ಅಲ್ಲ. ಟೋ-ಹಾಲ್ ಮೋಡ್, ಟ್ರೇಲರ್ ಬ್ರೇಕ್ ಕಂಟ್ರೋಲರ್ ಎರಡೂ ಸರಿಯಾಗಿರಲಿ.

ನೀರಿನ ವಿಷಯ. ಅದು ಎಂಜಿನ್ ಕೂಲೆಂಟ್‌ನಿಂದ ಬೇರೆಯೇ ಸರ್ಕ್ಯೂಟ್, ತನ್ನದೇ ಟ್ಯಾಂಕು, ತನ್ನದೇ ಕರೆಂಟ್ ಪಂಪು. ಗಾಳಿ ಉಳಿದರೆ ನೀರು ಓಡೋದಿಲ್ಲ. ಗಾಳಿ ಎಳೆದು ನೀರು ತುಂಬುವ ವ್ಯಾಕ್ಯೂಮ್ ಟೂಲ್ ಸಿಗುತ್ತದೆ, ಕಂಪ್ರೆಸರಿಗೆ ಸಿಕ್ಕಿಸಿದರೆ ಆಯಿತು. ತುಂಬಿದ ಮೇಲೆ ಪಂಪ್ ಓಡಿಸಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ನೀರು ಸುಳಿಯಾಗಿ ತಿರುಗುತ್ತಿರಬೇಕು. ಚಳಿಗಾಲ ಇರುವ ಊರು, ಬರೀ ನೀರು ಹಾಕಬೇಡಿ, ಆಂಟಿಫ್ರೀಜ್ ಬೆರೆಸಿ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಕೀ ಆನ್ ಮಾಡಿ ಪೆಟ್ರೋಲ್ ಸೋರುತ್ತಿದೆಯಾ ಟಾರ್ಚ್ ಹಿಡಿದು ನೋಡಿ. ಆಮೇಲೆ ಟ್ರೇಲರ್ ಇಲ್ಲದೆ ನಿಧಾನವಾಗಿ ಓಡಿಸಿ, ಡೇಟಾ ಲಾಗ್ ಮಾಡಿ ಟ್ಯೂನ್ ಬರೆದವರಿಗೆ ಕಳಿಸಿ. ಅವರು ಸರಿ ಅನ್ನುವವರೆಗೆ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ. ಘಾಟಿಯಲ್ಲಿ ಮೂರು ಬಿಸಿ ನೋಡುತ್ತಿರಿ: ಮ್ಯಾನಿಫೋಲ್ಡ್ ಗಾಳಿ, ಎಂಜಿನ್ ಕೂಲೆಂಟ್, ಗೇರ್‌ಬಾಕ್ಸ್ ಆಯಿಲ್. ಹೀಟ್ ಎಕ್ಸ್‌ಚೇಂಜರ್ ರೇಡಿಯೇಟರ್ ಮುಂದೆಯೇ ಕೂರುವುದರಿಂದ ರೇಡಿಯೇಟರಿಗೆ ಬರೋದು ಆಗಲೇ ಬಿಸಿಯಾದ ಗಾಳಿ. ಶಕ್ತಿ ಬಂತು ಅಂತ ಬೇಸಿಗೆ ಮಧ್ಯಾಹ್ನ 65 ಮೈಲಿಯಲ್ಲೇ ಹತ್ತಿಸಬೇಕು ಅಂತಿಲ್ಲ. ಯಾವುದಾದರೂ ಒಂದು ಏರುತ್ತಲೇ ಹೋದರೆ ಕಾಲು ಸಡಿಲ ಮಾಡಿ, ಬಲಗಡೆ ಲೇನಿಗೆ ಬನ್ನಿ.

ಕಿಟ್‌ನ ಬೆಲ್ಟ್ ಉದ್ದ ಫ್ಯಾಕ್ಟರಿಯದ್ದಕ್ಕಿಂತ ಬೇರೆ. ದಾರಿಯಲ್ಲಿ ತುಂಡಾದರೆ ಗುಡ್ಡದ ಊರಿನ ಅಂಗಡಿಯಲ್ಲಿ ಸಿಗೋದು ಕಷ್ಟ. ಕಿಟ್ ಜೊತೆಗೇ ಇನ್ನೊಂದು ಬೆಲ್ಟ್ ತರಿಸಿ, ಟೆನ್ಷನರ್ ಸಡಿಲಿಸುವ ಉದ್ದದ ಹಿಡಿಯ ರ‍್ಯಾಚೆಟ್ ಸಮೇತ ಹಿಂದಿನ ಸೀಟಿನ ಕೆಳಗೆ ಇಡಿ. ಯಾವ ಶನಿವಾರ ಹಾಕುತ್ತೀರಿ ಅಂತ ಹೇಳಿದರೆ ಹಾಯ್ಸ್ಟ್ ನಾನೇ ತರುತ್ತೇನೆ.