ಅಪ್‌ಡೇಟ್: ಅಮ್ಮನ ಕಾಮಾಲೆಗೆ ಕಾರಣ ಸಿಕ್ಕಿತು
ಅಮ್ಮನ ಕಣ್ಣು ಹಳದಿಯಾಗಿ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದ್ದರೂ ಅಲ್ಟ್ರಾಸೌಂಡ್‌ನಲ್ಲಿ ಪಿತ್ತನಾಳದ (ಕರುಳಿಗೆ ಪಿತ್ತರಸ ಒಯ್ಯುವ ಕೊಳವೆ) ಕಲ್ಲು ಕಾಣದಿರುವುದೇಕೆ ಎಂದು ಹತ್ತು ದಿನಗಳ ಹಿಂದೆ ಇಲ್ಲಿ ಕೇಳಿದ್ದೆ. ನೀವು ಸೂಚಿಸಿದಂತೆ ಎಂಟು ಗಂಟೆ ಉಪವಾಸವಿರಿಸಿ ಮತ್ತೆ ಸ್ಕ್ಯಾನ್ ಮಾಡಿಸಿದರೂ ಪ್ರಯೋಜನವಾಗಲಿಲ್ಲ. ಪಿತ್ತನಾಳದ ಕೆಳತುದಿಯನ್ನು ಕರುಳಿನ ಗಾಳಿ ಮರೆಮಾಡಿತ್ತು. ಆದರೆ ಸಾಮಾನ್ಯವಾಗಿ 6 ಮಿ.ಮೀ. ಆಸುಪಾಸಿನಲ್ಲಿರುವ ನಾಳ 11 ಮಿ.ಮೀ.ಗೆ ಹಿಗ್ಗಿದೆಯೆಂದು ಮೊದಲ ವರದಿಯಲ್ಲೇ ಬರೆದಿದ್ದರು, ನಾವೇ ಓದಿರಲಿಲ್ಲ! ನಾಳದೊಳಗಿನ ಕಲ್ಲಿಗಿಂತ ಈ ಹಿಗ್ಗುವಿಕೆಯನ್ನೇ ಅಲ್ಟ್ರಾಸೌಂಡ್ ಚೆನ್ನಾಗಿ ಹಿಡಿಯುತ್ತದೆಂಬುದು ನನಗೆ ಹೊಸ ವಿಷಯ. ಕಿರುನೆಲ್ಲಿ ಕಷಾಯದ ಸಲಹೆಯನ್ನು, ಅಡ್ಡ ಕೂತ ಕಲ್ಲನ್ನು ಅದು ಸರಿಸಲಾರದೆಂದು ಕೈಬಿಟ್ಟೆವು. ಫಲಿಸಿದ್ದು ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್) ಸಲಹೆ: ಅದರಲ್ಲಿ ಕಂಡ ಎರಡು ಕಲ್ಲುಗಳನ್ನು ಇಆರ್‌ಸಿಪಿ ಮೂಲಕ, ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ತೆಗೆದರು. ರಕ್ತದಲ್ಲಿ ಹೆಚ್ಚಾದಾಗ ಕಾಮಾಲೆ ತರುವ ಬಿಲಿರುಬಿನ್ ಇಳಿಯುತ್ತಿದೆ, ಪಿತ್ತಕೋಶದ ಶಸ್ತ್ರಚಿಕಿತ್ಸೆ ಮುಂದಿನ ವಾರ.